ತಂತಿಗೆ ಚುಚ್ಚಿದ ಚೀಟಿಗಳು

ಸಂಶೋಧನಾ ವಿದ್ಯಾರ್ಥಿಯಾದವರು ತಮ್ಮ ಮಹಾಪ್ರಬಂಧಕ್ಕಿಂತ ಹೆಚ್ಚು ಜತನವಾಗಿ ಕಾಪಾಡಿಕೊಳ್ಳುವ ವಸ್ತುವೊಂದಿದೆ. ಅದು ಬಿಲ್ಲು. ಮಾನವಿಕ ವಿಷಯಗಳ ಜೆಆರ್‌ಎಫ್ ಪಡೆದವರಿಗೆ ಮೊದಲೆರಡು ವರ್ಷ ವರ್ಷಕ್ಕೆ 10,000 ರೂಪಾಯಿ, ಆಮೇಲೆ 20,500 ರೂಪಾಯಿ ಸಾದಿಲ್ವಾರು ಅನುದಾನ ಎಂದು ಇರುತ್ತದೆ. ಪುಸ್ತಕ, ಜೆರಾಕ್ಸ್, ಕ್ಷೇತ್ರಕಾರ್ಯದ ಓಡಾಟ ಎಲ್ಲ ಅದರಲ್ಲೇ. ಮೊದಲು ಕೈಯಿಂದ ಖರ್ಚು ಮಾಡಬೇಕು, ಆಮೇಲೆ ಬಿಲ್ಲುಗಳನ್ನು ಬಿಳಿ ಹಾಳೆಗೆ ಅಂಟಿಸಿ, ಪ್ರತಿಯೊಂದರ ಮೇಲೂ ಸಹಿ ಮಾಡಿ, ಮಾರ್ಗದರ್ಶಕರ ಸಹಿ ಹಾಕಿಸಿ ಕಚೇರಿಗೆ ಕೊಡಬೇಕು. ಹಣ ಬರುವುದು ಯಾವಾಗ ಎಂದು ಕೇಳಬಾರದು.

ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ರಸಾಯನಶಾಸ್ತ್ರದ್ದು. ಸೂಪರ್ ಮಾರ್ಕೆಟ್ಟು, ಪೆಟ್ರೋಲ್ ಬಂಕು, ಬಸ್ಸು ಇಲ್ಲೆಲ್ಲ ಕೊಡುವ ನುಣುಪಾದ ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ. ಆ ಕಾಗದಕ್ಕೆ ಬಣ್ಣವಿಲ್ಲದ ಒಂದು ವರ್ಣದ್ರವ್ಯವನ್ನೂ ಅದನ್ನು ಕಪ್ಪಾಗಿಸುವ ಇನ್ನೊಂದು ರಾಸಾಯನಿಕವನ್ನೂ ಮೊದಲೇ ಲೇಪಿಸಿರುತ್ತಾರೆ. ಯಂತ್ರ ಮಾಡುವುದು ಬರೀ ಬಿಸಿ ತಾಗಿಸುವ ಕೆಲಸ. ಬಿಸಿ ತಾಗಿದಲ್ಲಿ ಎರಡೂ ಕರಗಿ ಬೆರೆತು ಅಕ್ಷರ ಮೂಡುತ್ತದೆ. ಬಿಸಿಯಿಂದ ಹುಟ್ಟಿದ್ದು ಬಿಸಿಲಿಗೇ ಸಾಯುತ್ತದೆ. ಬೆಳಕು, ಎಣ್ಣೆ ಕೈ, ಪ್ಲಾಸ್ಟಿಕ್ ಕವರು, ಸ್ಯಾನಿಟೈಸರು ಯಾವುದು ತಗುಲಿದರೂ ಮಾಸುತ್ತದೆ. ನಮ್ಮ ವಿಭಾಗದ ಹಿರಿಯರೊಬ್ಬರು ಭದ್ರವಾಗಿರಲಿ ಎಂದು ಇಂಥದೊಂದು ಬಿಲ್ಲನ್ನು ಲ್ಯಾಮಿನೇಶನ್ ಮಾಡಿಸಲು ಹೋದರು. ಬಿಸಿ ರೋಲರಿನ ನಡುವಿನಿಂದ ಹೊರಬಂದದ್ದು ಇದ್ದಲಿನಂಥ ಕರೀ ಪಟ್ಟಿ.

ಹಾಗಾಗಿ ಬಿಲ್ಲು ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ವ್ರತ. ತಮಾಷೆ ಶುರುವಾಗುವುದು ಅಲ್ಲಿಂದಲೇ. ಎಂಟು ತಿಂಗಳ ನಂತರ ಕಡತ ಮೇಜಿಗೆ ಬಂದಾಗ ಮೂಲ ಬಿಲ್ಲು ಬೆಳ್ಳಗೆ ಖಾಲಿ, ಅದರ ನಕಲು ಮಾತ್ರ ಕಪ್ಪಗೆ ಸ್ಪಷ್ಟ. ನಿಯಮದ ಪ್ರಕಾರ ಬೇಕಾದದ್ದು ಮೂಲ. ಕಚೇರಿಯವರು ಆ ಖಾಲಿ ಕಾಗದವನ್ನೂ ಹಾಳೆಗೆ ಅಂಟಿಸಿಕೊಂಡು, ಅದರ ಮೇಲೊಂದು ಸೀಲು ಒತ್ತಿ, ನಕಲನ್ನು ಹಿಂದೆ ಪಿನ್ ಮಾಡುತ್ತಾರೆ. ಯಾವುದಕ್ಕೆ ಯಾವುದು ಸಾಕ್ಷಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಆ ಬಿಳಿ ಕಾಗದವೂ ಹೋಗುತ್ತಿದೆ. ಕಳೆದ ಸಲ ಪೇಟೆಯಲ್ಲಿ ಪೆನ್‌ಡ್ರೈವ್ ಕೊಂಡಾಗ ಕೌಂಟರಿನ ಹುಡುಗ, ‘ನಂಬರ್ ಹೇಳಿ ಮೇಡಂ, ವಾಟ್ಸಾಪಿಗೆ ಬರುತ್ತೆ’ ಎಂದ. ಬಂದದ್ದು ಒಂದು ಕೊಂಡಿ. ಒತ್ತಿದರೆ ಬಿಲ್ಲು ತೆರೆಯುತ್ತದೆ. ಅದನ್ನು ಪಿಡಿಎಫ್ ಮಾಡಿ, ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ನಾನೇ ಸಹಿ ಮಾಡಿ ದೃಢೀಕರಿಸಿದೆ. ಕಾಗದ ಉಳಿಸಲೆಂದು ಬಂದ ರಸೀದಿಗೆ ಎ4 ಹಾಳೆ ಮೂರು ಖರ್ಚಾಯಿತು. ಪ್ರಿಂಟ್ ತೆಗೆದವನು ಅದಕ್ಕೆ ಬಿಲ್ಲು ಕೊಡಲಿಲ್ಲ. ಅವನದೂ ತಪ್ಪಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಬಿಲ್ಲು ಕೊಡಲೇಬೇಕೆಂದಿಲ್ಲ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ನನ್ನ ಸಂಶೋಧನೆಯ ವಿಷಯವೇ ಮಲೆನಾಡಿನ ಸಣ್ಣ ಅಂಗಡಿಗಳ ಉದ್ರಿ ಲೆಕ್ಕ. ಇಡೀ ದಿನ ಬೇರೆಯವರ ಹಳೆಯ ಚೀಟಿ ಓದುತ್ತೇನೆ, ಸಂಜೆ ಹೊಸ ಚೀಟಿಗಳ ಹಿಂದೆ ಓಡುತ್ತೇನೆ.

ನಮ್ಮ ಕಡೆಯ ಮನೆಗಳನ್ನು ಕಂಡವರಿಗೆ ಆ ತಂತಿ ಗೊತ್ತಿರುತ್ತದೆ. ಜಗುಲಿಯ ಗೋಡೆಗೋ ಕಂಬಕ್ಕೋ ತೂಗುಹಾಕಿದ, ತುದಿಯನ್ನು ಮೇಲಕ್ಕೆ ಬಾಗಿಸಿದ ಕಬ್ಬಿಣದ ತಂತಿ. ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಸೊಸೈಟಿಯ ಚೀಟಿ, ಅಡಿಕೆ ಮಂಡಿಯ ಪಟ್ಟಿ, ಮದುವೆಯ ಕರೆಯೋಲೆ ಎಲ್ಲವೂ ಒಂದರ ಮೇಲೊಂದು ಚುಚ್ಚಿಕೊಂಡಿರುತ್ತವೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಇದಕ್ಕಿಂತ ಸರಳವಾದ ದಾಖಲೆ ವ್ಯವಸ್ಥೆಯನ್ನು ನಾನು ಯಾವ ಪತ್ರಾಗಾರದಲ್ಲೂ ನೋಡಿಲ್ಲ. ತೊಂದರೆ ಒಂದೇ. ಚುಚ್ಚುವಾಗ ನಡುವಿನ ಅಕ್ಷರಗಳು ಹರಿಯುತ್ತವೆ, ಹೆಚ್ಚಾಗಿ ಮೊತ್ತ ಬರೆದ ಜಾಗದಲ್ಲೇ. ತುಕ್ಕಿನ ಕಂದು ವರ್ತುಲದೊಳಗೆ 3 ಇದೆಯೋ 8 ಇದೆಯೋ ಎಂದು ಭೂತಗನ್ನಡಿ ಹಿಡಿದು ಕೂತ ಮಧ್ಯಾಹ್ನಗಳು ನನಗೆ ಎಷ್ಟೋ ಆಗಿವೆ.

ನಮ್ಮ ಅಜ್ಜನ ಮನೆಯಲ್ಲೂ ಒಂದು ತಂತಿಯಿತ್ತು. ಆದರೆ ಅತಿಮುಖ್ಯವಾದ ಮೂರು ಚೀಟಿ ಅದರಲ್ಲಿರಲಿಲ್ಲ. ಅವನ್ನು ಅಜ್ಜಿ ಬಟ್ಟೆಯಲ್ಲಿ ಸುತ್ತಿ ಅಕ್ಕಿ ಕಣಜದಲ್ಲಿ ಇಟ್ಟಿದ್ದಳು. ಅವು ಗೇಣಿ ಕೊಟ್ಟ ಚೀಟಿಗಳು.

ಸಾಗರ ಸೀಮೆಯವರಿಗೆ ಗೇಣಿ ಎಂದರೆ ಏನೆಂದು ವಿವರಿಸಬೇಕಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ಓದುವಾಗ ನಾವು ಕೊಳಗದ ಜಗಳದ ಬಗ್ಗೆ ಓದುತ್ತೇವೆ. ಒಡೆಯರು ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದ ಕೊಳಗ ದೊಡ್ಡದು ಎಂಬುದು ಗೇಣಿದಾರರ ತಕರಾರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ಇದೆಲ್ಲ ಪುಸ್ತಕದಲ್ಲಿದೆ. ನನ್ನ ಅಜ್ಜ ಹೇಳುತ್ತಿದ್ದುದು ಇನ್ನೊಂದು ಮಾತು: ‘ಕೊಳಗ ದೊಡ್ಡದಾದ್ರೆ ಕಣ್ಣಿಗೆ ಕಾಣ್ತದೆ. ಚೀಟಿ ಕೊಡದೇ ಇದ್ರೆ ಏನು ಕಾಣ್ತದೆ?’ ಅಳೆದುಕೊಂಡ ಭತ್ತಕ್ಕೆ ಬರವಣಿಗೆ ಇಲ್ಲದಿದ್ದರೆ ಆ ಗದ್ದೆಯನ್ನು ಉತ್ತವನು ಯಾರೆಂಬುದಕ್ಕೂ ಬರವಣಿಗೆ ಇಲ್ಲ. ಕೇಳಿದರೆ ‘ನಂಬಿಕೆ ಇಲ್ವಾ?’ ಎಂಬ ಉತ್ತರ. ನಂಬಿಕೆಯ ಹೆಸರಿನಲ್ಲಿ ಎಷ್ಟು ಲೆಕ್ಕಗಳು ಮುಳುಗಿಹೋದವೋ.

1974ರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಎದುರು ನಿಲ್ಲುವ ಕಾಲ ಬಂದಾಗ, ಅಜ್ಜಿ ಕಣಜದಿಂದ ಆ ಮೂರನ್ನು ತೆಗೆದಳಂತೆ. ಇಪ್ಪತ್ತು ವರ್ಷದ ಗೇಣಿಗೆ ಮೂರು ವರ್ಷದ ಚೀಟಿ. ಒಡೆಯರ ಮನೆಯಲ್ಲಿ ಮೂರು ವರ್ಷ ಲೆಕ್ಕ ಬರೆದ ಒಬ್ಬ ಗುಮಾಸ್ತರು, ಯಾಕೋ ಏನೋ, ಕೇಳಿದವರಿಗೆಲ್ಲ ಬರೆದುಕೊಟ್ಟಿದ್ದರು. ನೆರೆಯವರ ಸಾಕ್ಷಿಯೂ ಇತ್ತು, ಚೀಟಿಯೊಂದರಿಂದಲೇ ಭೂಮಿ ಸಿಕ್ಕಿತು ಎಂದು ನಾನು ಹೇಳಲಾರೆ. ಆದರೆ ನಮ್ಮ ಮನೆಯ ಕಥೆಯಲ್ಲಿ ಭೂಮಿ ಕೊಡಿಸಿದ್ದು ಚೀಟಿಯೇ. ಒಂದೂವರೆ ಎಕರೆ ಗದ್ದೆ. ಅಪ್ಪ ಓದಿದ್ದು, ನಾನು ಈಗ ಕೂತು ಇದನ್ನು ಬರೆಯುತ್ತಿರುವುದು, ಎಲ್ಲ ಆ ಗದ್ದೆಯಿಂದ. ಪಕ್ಕದ ಮನೆಯವರ ಬಳಿ ಒಂದೂ ಚೀಟಿ ಇರಲಿಲ್ಲ. ಅವರು ಭದ್ರಾವತಿಗೆ ಕೂಲಿಗೆ ಹೋದರು.

ರಸೀದಿ ಎಂಬ ಪದ ನಮ್ಮದಲ್ಲ. ಅದು ಪಾರ್ಸಿಯಿಂದ ಬಂದದ್ದು, ಅಲ್ಲಿ ‘ರಸೀದ್’ ಎಂದರೆ ‘ತಲುಪಿತು’, ‘ಬಂತು’ ಎಂದರ್ಥ. ಪಡೆದವನು ‘ಬಂತು’ ಎಂದು ಹೇಳುವ ಮಾತು ಅದು. ಕೊಟ್ಟವನು ಅದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಕೊಡುವವನು ಸಾಮಾನ್ಯವಾಗಿ ದುರ್ಬಲ, ಪಡೆಯುವವನು ಬಲಿಷ್ಠ. ಹಾಗಾಗಿ ಪಡೆದವನ ಬಾಯಿಂದ ‘ಬಂತು’ ಎನ್ನಿಸಿ, ಅದನ್ನು ಮನೆಗೆ ಒಯ್ಯುವುದು ಸಣ್ಣ ಸಂಗತಿಯಲ್ಲ.

ಈಗ ನಮ್ಮೂರಿನ ತರಕಾರಿ ಅಂಗಡಿಯನ್ನು ನೋಡಿ. ನಾನು ಕ್ಯೂಆರ್ ಕೋಡಿಗೆ ಫೋನ್ ಹಿಡಿಯುತ್ತೇನೆ. ಅಂಗಡಿಯ ಡಬ್ಬಿ ಇಷ್ಟು ರೂಪಾಯಿ ಬಂತು ಎಂದು ಕೂಗುತ್ತದೆ, ಕೆಲವೆಡೆ ಸಿನಿಮಾ ನಟರ ಕಂಠದಲ್ಲಿ. ಅಂದರೆ ಆ ಡಬ್ಬಿ ಹೇಳುವುದು ಅಕ್ಷರಶಃ ‘ರಸೀದ್’. ಆದರೆ ಯಾರಿಗೆ ಹೇಳುತ್ತಿದೆ? ಅಂಗಡಿಯವನಿಗೆ. ಡಬ್ಬಿ ಕೆಟ್ಟ ದಿನ ನಾನೇ ನನ್ನ ಫೋನಿನ ಹಸಿರು ಟಿಕ್ ಗುರುತನ್ನು ಅವನ ಮೂಗಿನ ಹತ್ತಿರ ಹಿಡಿದು ‘ಹೋಯ್ತು ನೋಡಿ’ ಎನ್ನಬೇಕು. ಪಡೆದವನು ‘ಬಂತು’ ಎಂದು ಬರೆದುಕೊಡುತ್ತಿದ್ದ ಜಾಗದಲ್ಲಿ ಕೊಟ್ಟವನು ‘ಹೋಯ್ತು’ ಎಂದು ತೋರಿಸುತ್ತಿದ್ದಾನೆ. ಅವನೂ ಪಾಪ, ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಟೊಮೆಟೊ ಒಯ್ದವರನ್ನು ಕಂಡಿದ್ದಾನೆ. ರಸೀದಿಯ ದಿಕ್ಕು ತಿರುಗಿದ್ದು ನಮಗೆ ಗೊತ್ತೇ ಆಗಲಿಲ್ಲ. 2016ರಲ್ಲಿ ಯುಪಿಐ ಬಂತು, ಹತ್ತು ವರ್ಷದೊಳಗೆ ಹೀಗಾಯಿತು.

ಕಾಗದವೇ ಶಾಶ್ವತ ಎಂದು ಹಲುಬುವವಳಲ್ಲ ನಾನು. ನಮ್ಮಲ್ಲಿ ಲೆಕ್ಕ ಬರೆಯುತ್ತಿದ್ದ ಹಳೆಯ ಸಾಧನ ಕಡತ. ಇವತ್ತು ಫೈಲಿಗೆ ಕಡತ ಎನ್ನುತ್ತೇವೆ, ಮೂಲದಲ್ಲಿ ಅದು ಹುಣಸೆ ಬೀಜದ ಅಂಟಿಗೆ ಇದ್ದಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿದ ಕಪ್ಪು ಹಾಳೆ. ಮಡಿಕೆ ಮಡಿಕೆಯಾಗಿ ಮಡಚಿಟ್ಟು ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬಳಪದ ಬರಹವನ್ನು ಒರೆಸಿ, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದಿತ್ತು. ಅಳಿಸಿಹೋಗುವ ಲೆಕ್ಕ ಡಿಜಿಟಲ್ ಕಾಲದ ಆವಿಷ್ಕಾರವೇನಲ್ಲ.

ಉಳಿಯುವುದು ಏನು ಎಂಬುದು ಯಾವಾಗಲೂ ಆಕಸ್ಮಿಕವೇ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯಿದ್ದ. ಇಂದಿನ ಟ್ಯುನೀಶಿಯಾದ ಕಡೆಯವನು, ಏಡನ್ ಮೂಲಕ ಬಂದು 1132ರಿಂದ 1149ರವರೆಗಿನ ವರ್ಷಗಳನ್ನು ಹೆಚ್ಚಾಗಿ ಮಲಬಾರ್ ಕರಾವಳಿಯಲ್ಲೇ ಕಳೆದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುವುದು, ಕಂಚಿನ ಪಾತ್ರೆ ಮಾಡಿಸುವುದು ಅವನ ವ್ಯಾಪಾರ. ಅವನ ಪತ್ರಗಳು, ಲೆಕ್ಕದ ಚೀಟಿಗಳು ಮಂಗಳೂರಿನಲ್ಲಿ ಉಳಿಯಲಿಲ್ಲ. ನಮ್ಮ ಮಳೆ, ನಮ್ಮ ಗೆದ್ದಲು ಯಾವುದನ್ನು ಉಳಿಸಿದೆ! ಅವನೇ ಹೊತ್ತು ಒಯ್ದವು ಹಳೆ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಲ್ಲಿ ಉಳಿದವು. ದೇವರ ಹೆಸರಿರಬಹುದಾದ ಬರಹವನ್ನು ಬಿಸಾಡಬಾರದೆಂದು ಕಾಗದಗಳನ್ನು ತುಂಬಿಡುತ್ತಿದ್ದ ಕೋಣೆ ಅದು. ಈಜಿಪ್ಟಿನ ಒಣಹವೆ ಉಳಿದದ್ದನ್ನು ನೋಡಿಕೊಂಡಿತು. ಎಸ್.ಡಿ. ಗೊಯ್ಟೈನ್ ಅವನ್ನು ಓದಿದರು. ಅಮಿತಾವ್ ಘೋಷ್ ಆ ಪತ್ರಗಳಲ್ಲಿ ಸುಳಿಯುವ ಒಬ್ಬ ಆಳಿನ ಹೆಸರನ್ನು ಬೆನ್ನತ್ತಿ ಮಂಗಳೂರಿಗೆ ಬಂದರು, ಬಿ.ಎ. ವಿವೇಕ ರೈ ಅವರಂಥ ತುಳು ವಿದ್ವಾಂಸರ ಜೊತೆ ಕೂತು ಅದು ‘ಬೊಮ್ಮ’ ಎಂಬ ನಿಲುವಿಗೆ ಬಂದರು. ಆ ಪುಸ್ತಕ ಬಂದದ್ದು 1992ರಲ್ಲಿ.

ನನಗೆ ಆ ಕಥೆಯಲ್ಲಿ ಬಹಳ ಇಷ್ಟವಾದದ್ದು ಒಂದು ಸಣ್ಣ ವಿವರ. ಏಡನ್ನಿನ ಗೆಳೆಯರು ಬೆನ್ ಯಿಜುವಿಗೆ ಉಡುಗೊರೆ ಕಳಿಸುವಾಗ ಸಕ್ಕರೆ, ಒಣದ್ರಾಕ್ಷಿಯ ಜೊತೆ ಬರೆಯುವ ಕಾಗದವನ್ನೂ ಕಳಿಸುತ್ತಿದ್ದರು. ಇಲ್ಲಿ ಕಾಗದ ಸಿಗುವುದು ಕಷ್ಟ. ಅವನು ಬಂದ ಪತ್ರದ ಖಾಲಿ ಜಾಗದಲ್ಲೇ ಲೆಕ್ಕ ಬರೆದುಕೊಳ್ಳುತ್ತಿದ್ದ. ನಮ್ಮೂರ ಅಂಗಡಿಯವರು ಸಿಗರೇಟು ಪ್ಯಾಕಿನ ಒಳಬದಿಯಲ್ಲಿ ಕೂಡುವ ಲೆಕ್ಕ ಬರೆಯುವುದನ್ನು ನೋಡಿದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ಬೊಮ್ಮ ಬದುಕಿದ್ದು ಇಂಥ ಚೀಟಿಗಳಿಂದ. ಅವನಿಗೆ ಶಾಸನವಿಲ್ಲ, ವೀರಗಲ್ಲಿಲ್ಲ. ಯಾರದೋ ವ್ಯವಹಾರದ ಪತ್ರದಲ್ಲಿ ಅವನ ಹೆಸರು ಬಿದ್ದುಹೋಗಿತ್ತು, ಅಷ್ಟೆ.

ಮುಂದೆ ನನ್ನಂಥವಳೊಬ್ಬಳು ನಮ್ಮ ಕಾಲದ ಚೀಟಿಗಳನ್ನು ಹುಡುಕಿ ಬಂದರೆ ಏನು ಸಿಗುತ್ತದೆ? ಥರ್ಮಲ್ ಕಾಗದ ಸಿಕ್ಕರೂ ಖಾಲಿ. ಕೊಂಡಿ ಸಿಕ್ಕರೂ ತೆರೆಯದು. ದತ್ತಾಂಶವೇನೋ ಎಲ್ಲೋ ಇರುತ್ತದೆ, ಯಾರದೋ ಸರ್ವರಿನಲ್ಲಿ. ಅದಕ್ಕೆ ಅರ್ಜಿ ಹಾಕಬೇಕಾದದ್ದು ಯಾರಿಗೆ? ಅಜ್ಜಿಯ ಕಣಜದಲ್ಲಿದ್ದ ಚೀಟಿಗೆ ಒಡೆಯರ ಅಪ್ಪಣೆ ಬೇಕಿರಲಿಲ್ಲ. ಒಡೆಯರ ಮನೆಯ ಲೆಕ್ಕದ ಪುಸ್ತಕಕ್ಕೆ ಬೆಂಕಿ ಬಿದ್ದಿದ್ದರೂ ಅದು ಅಲ್ಲೇ ಇರುತ್ತಿತ್ತು.

ಹೀಗೆ ಹೇಳಿ ಸುಮ್ಮನಾಗಿಬಿಟ್ಟರೆ ಅದು ಅರ್ಧ ಸತ್ಯ. ನನ್ನ ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಮೂರು ಮನೆಗಳಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿದ್ದಾರೆ. ಹದಿನೈದು ವರ್ಷದಿಂದ ಆ ಕೆಲಸ. ಅವರಿಗೆ ಎಂದೂ ಯಾರೂ ಸಂಬಳದ ಚೀಟಿ ಬರೆದುಕೊಟ್ಟಿಲ್ಲ, ಮನೆಗೆಲಸದವರಿಗೆ ಯಾರು ಕೊಡುತ್ತಾರೆ? ಕಳೆದ ವರ್ಷ ಒಂದು ಮನೆಯವರು ‘ಆಷಾಢದ ಸಂಬಳ ಕೊಟ್ಟಾಗಿದೆ’ ಎಂದು ಹಟ ಹಿಡಿದರು. ಅವರು ಮಗಳನ್ನು ಕರೆದುಕೊಂಡು ಹೋಗಿ ಫೋನ್ ತೆರೆಸಿದರು. ಪ್ರತಿ ತಿಂಗಳೂ ಬಂದ ಹಣ ತಾರೀಖು ಸಮೇತ ಸಾಲಾಗಿ ನಿಂತಿತ್ತು, ಆ ಒಂದು ತಿಂಗಳು ಬಿಟ್ಟು. ಮನೆಯವರು ಮಾತಾಡದೆ ಅಲ್ಲೇ ಕಳಿಸಿದರು. ಡಬ್ಬಿ ಇಲ್ಲದಿದ್ದರೂ ಆ ಹೆಂಗಸು ತಾವೇ ‘ಬಂತು’ ಎಂದು ಹೇಳಿದರಂತೆ. ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿದ್ದ ಗೆಲುವನ್ನು ನೋಡಿದ ಮೇಲೆ, ಕಾಗದದ ಪರವಾಗಿ ಕಣ್ಣೀರು ಹಾಕುವ ಲೇಖನ ಬರೆಯುವುದು ನನ್ನಿಂದಾಗದು.

ಅದೇ ದಾಖಲೆ ಇನ್ನೊಂದು ಕಡೆ ತಿರುಗಿ ನಿಲ್ಲುತ್ತದೆ. 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಬೋರ್ಡುಗಳು ಬಂದದ್ದು ನೆನಪಿರಬೇಕು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು, ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ, ಸೇವೆಯದಾದರೆ 20 ಲಕ್ಷ ದಾಟಿಯೂ ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ನೋಟಿಸು ಕೊಟ್ಟಿತ್ತು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರಿಗೂ ಹೋಗಿತ್ತು. ಕಾನೂನು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ, ದೊಡ್ಡ ವಹಿವಾಟಿನವರು ತೆರಿಗೆ ಕಟ್ಟಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಅಂಗಡಿಯವರ ಗಾಬರಿ ನನಗೆ ಅರ್ಥವಾಗಿದ್ದು ನನ್ನ ವಿಷಯದ ಮೂಲಕ. ಅವರು ಬಿಲ್ಲು ಬರೆದಿರಲಿಲ್ಲ. ಗಿರಾಕಿಯೂ ಕೇಳಿರಲಿಲ್ಲ. ಆದರೂ ಹತ್ತು ರೂಪಾಯಿಯ ಟೀಗೂ ರಸೀದಿ ಹುಟ್ಟುತ್ತಲೇ ಇತ್ತು. ಅದು ಕೊಟ್ಟವನ ಕಣಜಕ್ಕೂ ಹೋಗಲಿಲ್ಲ, ಪಡೆದವನ ತಂತಿಗೂ ಚುಚ್ಚಲಿಲ್ಲ.

ಗಿರಾಕಿಯಾದ ನನ್ನ ಮಟ್ಟಿಗೂ ಹೊಸ ರಸೀದಿಗೆ ಒಂದು ಬೆಲೆಯಿದೆ, ಅದು ನನ್ನ ಫೋನ್ ನಂಬರು. ಕಾಗದದ ಬಿಲ್ಲಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಗ್ರಾಹಕರಿಂದ ಮೊಬೈಲ್ ನಂಬರಿಗೆ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ನಾನು ‘ನಂಬರ್ ಕೊಡಲ್ಲ, ಕಾಗದ ಕೊಡಿ’ ಎಂದಾಗ ಕೌಂಟರಿನ ಹುಡುಗ ಮೇಲೆ ಕೆಳಗೆ ನೋಡುತ್ತಾನೆ, ಹಿಂದಿನ ಸಾಲಿನವರು ನಿಟ್ಟುಸಿರು ಬಿಡುತ್ತಾರೆ. ಫ್ರಾನ್ಸಿನಲ್ಲಿ 2023ರ ಆಗಸ್ಟ್ 1ರಿಂದ ಗಿರಾಕಿ ಕೇಳಿದರೆ ಮಾತ್ರ ಬಿಲ್ಲು ಮುದ್ರಿಸಬೇಕು ಎಂಬ ನಿಯಮವಿದೆ. ಥರ್ಮಲ್ ಕಾಗದದ ಬಿಸ್ಫಿನಾಲ್-ಎ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2020ರಿಂದ ನಿರ್ಬಂಧಿಸಿದೆ. ದಿನವಿಡೀ ಆ ಚೀಟಿ ಹರಿದು ಕೊಡುವ ಬೆರಳುಗಳ ಬಗ್ಗೆ ಯೋಚಿಸಿದರೆ ನನ್ನ ಹಟ ಸ್ವಲ್ಪ ಸಡಿಲವಾಗುತ್ತದೆ.

ಬಸ್ಸಿನಲ್ಲಿ ಮಾತ್ರ ಕಾಗದ ವಿಚಿತ್ರವಾಗಿ ಗಟ್ಟಿಯಾಗಿ ಕೂತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಾದ ನಮಗೆ ಶೂನ್ಯ ಟಿಕೆಟ್ಟು. ಹಣ ಕೊಡುವಂತಿಲ್ಲ, ಆದರೆ ಟಿಕೆಟ್ಟು ತಗೊಳ್ಳಲೇಬೇಕು. ನಿಗಮಗಳು ಸರ್ಕಾರದಿಂದ ಹಣ ಪಡೆಯುವುದು ಆ ಚೀಟಿಗಳ ಲೆಕ್ಕದ ಮೇಲೆ. ಕೊಡದ ಹಣಕ್ಕೆ ರಸೀದಿ! ಅಮ್ಮ ತನ್ನ ಶೂನ್ಯ ಟಿಕೆಟ್ಟುಗಳನ್ನೆಲ್ಲ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಡುತ್ತಾಳೆ. ಯಾಕೆಂದು ಕೇಳಿದೆ. ‘ಇರ್ಲಿ, ಎಲ್ಲೆಲ್ಲಿ ಹೋಗಿದ್ದೆ ಅಂತ ಗೊತ್ತಾಗ್ತದೆ’ ಎಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಒಬ್ಬಳೇ ಧರ್ಮಸ್ಥಳ ನೋಡಿರದ ಹೆಂಗಸು. ಅವು ಬೆಳ್ಳಗಾಗುತ್ತವೆ ಎಂದು ನಾನು ಹೇಳಲು ಹೋಗಲಿಲ್ಲ. ರಜೆಯಲ್ಲಿ ಒಂದೊಂದನ್ನೇ ಫೋಟೋ ತೆಗೆದಿಡುತ್ತಿದ್ದೇನೆ.

ದೀಪಾವಳಿಗೆ ಊರಿಗೆ ಹೋದಾಗ ನಮ್ಮೂರ ಕಿರಾಣಿ ಅಂಗಡಿಯವರನ್ನು ಕಂಡು ಬಂದೆ. ಅವರ ಅಪ್ಪನ ಕಾಲದ ಉದ್ರಿ ಪುಸ್ತಕಗಳೇ ನನ್ನ ಸಂಶೋಧನೆಯ ಎರಡನೇ ಅಧ್ಯಾಯ. ಈಗ ಅಂಗಡಿಯಲ್ಲಿ ಕಂಪ್ಯೂಟರಿದೆ, ಡಬ್ಬಿ ಕೂಗುತ್ತದೆ, ಸಗಟು ವ್ಯಾಪಾರಿಗಳ ಬಿಲ್ಲು ಮೊಬೈಲಿಗೇ ಬರುತ್ತದೆ. ಲಕ್ಷ್ಮೀಪೂಜೆಗೆ ಕೆಂಪು ರಟ್ಟಿನ ಹೊಸ ಪುಸ್ತಕವೊಂದನ್ನು ಇಟ್ಟಿದ್ದರು. ಮೊದಲ ಪುಟದಲ್ಲಿ ಅರಿಶಿನ ಕುಂಕುಮ, ‘ಶ್ರೀ’ ಎಂಬ ಅಕ್ಷರ.

‘ಪೂಜೆಗೆ ಮಾತ್ರನಾ?’ ಎಂದೆ.

‘ಅಲ್ಲ, ಉದ್ರಿ ಇದರಲ್ಲೇ’ ಎಂದರು. ‘ಯಾರು ಎಷ್ಟು ಬಾಕಿ ಅಂತ ಫೋನಿಗೆ ಯಾಕೆ ಗೊತ್ತಾಗಬೇಕು?’

ಹಳೆಯದೊಂದು ಪುಸ್ತಕ ಕೇಳಿದೆ, 1983ರದು. ಅಟ್ಟದಿಂದ ಇಳಿಸಿ ಧೂಳು ಕೊಡವಿ ಕೊಟ್ಟರು. ನಾನು ಫೋನ್ ತೆಗೆದದ್ದನ್ನು ನೋಡಿ ಕೈ ಅಡ್ಡ ಹಿಡಿದರು. ಇನ್ನೂ ತೀರಿಸದವರ ಹೆಸರುಗಳಿವೆಯಂತೆ ಅದರಲ್ಲಿ, ಅವರ ಮಕ್ಕಳು ಊರಲ್ಲೇ ಇದ್ದಾರಂತೆ. ‘ಹೆಸರು ಬಿಟ್ಟು ಬರ್ಕೊ’ ಎಂದು ಗಲ್ಲಾಪೆಟ್ಟಿಗೆಯಿಂದ ಒಂದು ಪೆನ್ಸಿಲು ತೆಗೆದುಕೊಟ್ಟರು. ಸಂಜೆಯವರೆಗೆ ಅಕ್ಕಿ ಮೂಟೆಯ ಮೇಲೆ ಕೂತು ನಲವತ್ತು ಪುಟ ಬರೆದುಕೊಂಡೆ.